ಎರಡು ದಿನದ ಲೈನ್‌ಮನ್

ಎತ್ತರಕ್ಕೆ ಹೆದರುವವನು ಹುಟ್ಟುವುದಾದರೆ ನಮ್ಮ ತಾಲ್ಲೂಕಿನಲ್ಲೇ ಹುಟ್ಟಬೇಕು. ನನ್ನೂರು ಯಮನೂರಿನ ಹತ್ತಿರ. ಅಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಎತ್ತರ ಎನ್ನಬಹುದಾದದ್ದು ಒಂದು ಜಾಲಿಗಿಡ, ಅದರ ತುದಿಯಲ್ಲಿ ಕೂತ ಒಂದು ಕಾಗೆ. ನವಲಗುಂದದಲ್ಲಿ ಒಂದು ಗುಡ್ಡ ಇದೆ, ನಿಜ. ಅದನ್ನು ನಾನು ಕೆಳಗಿನಿಂದಲೇ ನೋಡಿ ಗೌರವಿಸುತ್ತ ಬಂದಿದ್ದೇನೆ. ಮನೆಯ ಅಟ್ಟದಿಂದ ಏನಾದರೂ ಇಳಿಸಬೇಕು ಎಂದರೆ ನನಗೆ ತಟ್ಟನೆ ಆಫೀಸಿನ ಕೆಲಸ ನೆನಪಾಗುತ್ತದೆ. ಹೀಗೆ ಐವತ್ತಮೂರು ವರ್ಷ ಯಾರಿಗೂ ಗೊತ್ತಾಗದ ಹಾಗೆ ಸಮತಟ್ಟಾಗಿ ಬದುಕಿದ್ದೆ. ಯಾರಿಗೂ ಎಂದರೆ, ಹೆಂಡತಿ ಸರೋಜಾಳನ್ನು ಬಿಟ್ಟು. ಅವಳಿಗೆ ಗೊತ್ತು ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಆದರೆ ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಸಂಸಾರದಲ್ಲಿ ಇಂಥ ಮಾತುಗಳು ಅಟ್ಟದ ಮೇಲಿನ ಹಿತ್ತಾಳೆ ಹಂಡೆಯ ಹಾಗೆ. ಇದ್ದೇ ಇರುತ್ತವೆ, ಯಾರೂ ಇಳಿಸಲು ಹೋಗುವುದಿಲ್ಲ.

ಹೊಟ್ಟೆಪಾಡಿನ ವಿಷಯದಲ್ಲಿ ಮಾತ್ರ ವಿಧಿ ನನ್ನ ಜೊತೆ ಸ್ವಲ್ಪ ಚೇಷ್ಟೆ ಮಾಡಿತು. ನಾನು ಕರೆಂಟಿನ ಆಫೀಸಿನಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ನನ್ನ ಮೇಜಿನ ಎದುರಿನಿಂದಲೇ ಲೈನ್‌ಮನ್‌ಗಳು ಬೆಲ್ಟು, ಹಗ್ಗ, ಇಕ್ಕಳ ಹಿಡಿದು ಹೊರಡುತ್ತಾರೆ. ಯಾವ ಊರಿನ ಯಾವ ಕಂಬ ಎಂದು ನಾನು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅವರು ಕಂಬ ಹತ್ತುವುದನ್ನು ಕೆಳಗೆ ನಿಂತು ನೋಡಿದರೂ ನನ್ನ ಅಂಗಾಲು ಜುಮ್ಮೆನ್ನುತ್ತದೆ. ಆದರೆ ಬೀಗರ ಊರುಗಳಲ್ಲಿ ನಾನು ಕಾಲಿಟ್ಟ ಕೂಡಲೇ ಕರೆಂಟಿನವರು ಬಂದರು ಎನ್ನುತ್ತಾರೆ. ಆ ಒಂದು ಮಾತಿನಲ್ಲಿ ಕಂಬ ಹತ್ತುವವರೂ ಹತ್ತದವರೂ ಕೂಡಿಹೋಗುತ್ತಾರೆ. ನಾನು ಅದನ್ನು ತಿದ್ದಲು ಹೋದವನಲ್ಲ.

ಸರೋಜಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೋದ ಚಳಿಗಾಲದಲ್ಲಿ ಅವಳಿಗೆ ಐವತ್ತು ತುಂಬಿತು. ಒಂದು ಇಳಕಲ್ ಸೀರೆ ಕೊಡಿಸುತ್ತೇನೆ ಎಂದೆ. ಅವಳು ಉತ್ತರ ಹೇಳದೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಬೆನ್ನಿಗೆ ಚೀಲ ಹಾಕಿಕೊಂಡ ಏಳೆಂಟು ಜನ ಒಂದು ಸಣ್ಣ ಬಸ್ಸಿನ ಮುಂದೆ ನಿಂತು ಹಲ್ಲು ಕಿಸಿಯುತ್ತಿದ್ದರು. ಅಣ್ಣಿಗೇರಿಯಿಂದ ಹೊರಡುವ ಬಸ್ಸು, ಎರಡು ದಿನ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಹನ್ನೆರಡು ಜನ, ಕಲಘಟಗಿ ಕಡೆಯ ಕಾಡಂಚಿನಲ್ಲಿ ಒಂದು ಕೆರೆ, ಡೇರೆ, ದೋಣಿ. ಕೊನೆಗೆ ಸಣ್ಣ ಅಕ್ಷರದಲ್ಲಿ "ಸಾಹಸ ಕ್ರೀಡೆ" ಎಂದಿತ್ತು. ಸಾಹಸ ಎಂದರೆ ಏನು ಎಂದು ಕೇಳಿದೆ. ಹೋದ ಮೇಲೆ ಗೊತ್ತಾಗುತ್ತದೆ ಎಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಕೇಳಿದ್ದು ಕಡಿಮೆ. ಹೂಂ ಎಂದೆ. ಚೀಲ ತಾನೇ ಹೊರುವುದು, ಹೊತ್ತರಾಯಿತು ಎಂದುಕೊಂಡೆ.

ಶನಿವಾರ ನಸುಕಿನಲ್ಲಿ ನವಲಗುಂದದ ಸ್ಟ್ಯಾಂಡಿನ ಹತ್ತಿರ ಬಸ್ಸು ಹತ್ತಿದೆವು. ಅಣ್ಣಿಗೇರಿಯಿಂದ ಬಂದವರು ಆಗಲೇ ಒಳಗಿದ್ದರು. ನಮ್ಮ ಮುಂದಿನ ಸೀಟಿನಲ್ಲಿ ರೆಹಾನಾ ಎಂಬ ಹುಡುಗಿ, ಸರಕಾರಿ ದವಾಖಾನೆಯಲ್ಲಿ ನರ್ಸು. ಐದು ನಿಮಿಷದಲ್ಲಿ ಸರೋಜಾಳಿಗೆ ಅಕ್ಕ ಎನ್ನತೊಡಗಿದಳು. ಹುಬ್ಬಳ್ಳಿ ದಾಟುವಾಗ ಮಹಾಂತೇಶ ಹತ್ತಿದ. ಕುಂದಗೋಳದವನು, ಮೆಣಸಿನಕಾಯಿ ವ್ಯಾಪಾರ. ಎರಡು ಸೀಟಿನ ಮೈ, ನಾಲ್ಕು ಸೀಟಿನ ದನಿ. ಹತ್ತಿದವನೇ ಎಲ್ಲರಿಗೂ ಕೈಕುಲುಕಿ, ಬಸ್ಸಿನ ನಡುವೆ ನಿಂತು, ಹಿಂಗ ಸುಮ್ಮನೆ ಕೂತರೆ ದೋಸ್ತಿ ಹೇಗೆ ಬೆಳೆಯಬೇಕು, ಒಬ್ಬೊಬ್ಬರೂ ಹೆಸರು ಹೇಳಿ ತಾವು ಮಾಡಿದ ಒಂದು ಧೈರ್ಯದ ಕೆಲಸ ಹೇಳಬೇಕು ಎಂದು ಕಾಯಿದೆ ಮಾಡಿದ. ಮೊದಲು ತಾನೇ ಹೇಳಿದ: ಗೋದಾಮಿನಲ್ಲಿ ಚೀಲದ ಸಂದಿ ಹೊಕ್ಕಿದ್ದ ಆರಡಿ ನಾಗರಹಾವನ್ನು ಬರಿಗೈಯಲ್ಲಿ ಹಿಡಿದನಂತೆ. ರೆಹಾನಾ ಹಳ್ಳದ ಬಾಜು ಕೆಟ್ಟು ನಿಂತ ಆಂಬುಲೆನ್ಸಿನಲ್ಲಿ ಒಬ್ಬಳೇ ಹೆರಿಗೆ ಮಾಡಿಸಿದ್ದಳು. ಹೇಳುವಾಗ ಅವಳ ಧ್ವನಿ ಏರಲೇ ಇಲ್ಲ; ಅದರಿಂದಲೇ ಅದು ನಿಜ ಎಂದು ಗೊತ್ತಾಗುತ್ತಿತ್ತು.

ಸರದಿ ಸೀಟಿನಿಂದ ಸೀಟಿಗೆ ಬರುತ್ತಿತ್ತು. ನಾನು ನನ್ನ ಐವತ್ತಮೂರು ವರ್ಷವನ್ನು ಮೂಲೆಮೂಲೆ ಹುಡುಕಿದೆ. ಒಮ್ಮೆ ಮೇಲಧಿಕಾರಿಗೆ ಎದುರು ಮಾತಾಡಿದ್ದೆ, ಆದರೆ ಅವರು ಆಗ ಫೋನು ಇಟ್ಟಾಗಿತ್ತು. ಸರೋಜಾ ಎದ್ದು, ಮದುವೆಯಾದ ಮೇಲೆ ಗಂಡನ ಮನೆಯವರ ಮುಂದೆ ಬಿ.ಎ. ಪರೀಕ್ಷೆಗೆ ಕೂತೆ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ನನಗೆ ಸ್ವಲ್ಪ ಬಿಸಿ ಏರಿತೋ ಏನೋ. ಎದ್ದು ನಿಂತು, ಕರೆಂಟಿನ ಆಫೀಸಿನವನು ನಾನು ಎಂದೆ. "ಲೈನ್‌ಮನ್ ಏನ್ರಿ ಸರ?" ಎಂದು ಮಹಾಂತೇಶ ಕೇಳಿದ. ನನ್ನ ನಾಲಿಗೆ, ನನ್ನನ್ನು ಕೇಳದೆಯೇ, ಹೌದು ಎಂದಿತು.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಸುಳ್ಳು ಒಂದು ಕಾಲಿನ ಮೇಲೆ ನಿಲ್ಲುವುದಿಲ್ಲ. ನಮ್ಮ ಆಫೀಸಿನಲ್ಲಿ ಫಕ್ಕೀರಪ್ಪ ಎಂಬ ಲೈನ್‌ಮನ್ ಇದ್ದಾನೆ. ಒಂದು ಸಂಜೆ ಗಾಳಿಮಳೆಗೆ ದವಾಖಾನೆಯ ಲೈನು ಹರಿದಾಗ ಅವನು ಸುರಿಯುವ ಮಳೆಯಲ್ಲಿ ದೊಡ್ಡ ಗೋಪುರ ಹತ್ತಿ ಲೈನು ಕೂಡಿಸಿದ್ದ. ನಾನು ಆಗ ಆಫೀಸಿನಲ್ಲಿ, ಮಾಳಿಗೆ ಸೋರಿ ನೆಲವೆಲ್ಲ ನೀರಾಗಿದೆಯೆಂದು ಎರಡೂ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಫೋನು ಹಿಡಿದಿದ್ದೆ. ಆ ಬಸ್ಸಿನಲ್ಲಿ ನಾನು ಫಕ್ಕೀರಪ್ಪನನ್ನು ಗೋಪುರದಿಂದ ಇಳಿಸಿ ನಾನೇ ಹತ್ತಿದೆ. ಮಳೆಯನ್ನು ಜಾಸ್ತಿ ಮಾಡಿದೆ, ಎತ್ತರವನ್ನು ಎಂಬತ್ತಡಿ ಮಾಡಿದೆ, ಒಂದು ಸಿಡಿಲನ್ನೂ ಸೇರಿಸಿದೆ. ಮುಗಿದಾಗ ಬಸ್ಸಿನ ತುಂಬ ಚಪ್ಪಾಳೆ. ನಾನು ಕುಳಿತು ನಿಧಾನವಾಗಿ ಪಕ್ಕಕ್ಕೆ ನೋಡಿದೆ. ಸರೋಜಾ ಕಿಟಕಿಯಾಚೆ ನೋಡುತ್ತಿದ್ದಳು. ಚುರುಮುರಿ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು, ಅಷ್ಟೇ. ಬೈದಿದ್ದರೆ ಬೇರೆ. ಆ ಚುರುಮುರಿ ನನ್ನ ಗಂಟಲಲ್ಲಿ ಮಿಶ್ರಿಕೋಟಿ ದಾಟುವವರೆಗೂ ಇಳಿಯಲಿಲ್ಲ.

ಎರೆಮಣ್ಣು ಮುಗಿದು ಕೆಂಪು ಮಣ್ಣು ಬಂತು, ಕೊಯ್ದ ಭತ್ತದ ಗದ್ದೆ ಬಂತು, ಮಾವಿನ ತೋಪು ಬಂತು. ಬಮ್ಮಿಗಟ್ಟಿ ಕಡೆಯಿಂದ ಒಳಗೆ ತಿರುಗಿ ಒಂದಷ್ಟು ದೂರ ಹೋದ ಮೇಲೆ ಕೆರೆ ಕಂಡಿತು. ಕೆರೆಯ ದಂಡೆಯಲ್ಲಿ ಡೇರೆಗಳು, ಮತ್ತು ಡೇರೆಗಳ ಹಿಂದೆ, ನೋಡಬಾರದು ಎಂದುಕೊಂಡರೂ ಕಣ್ಣಿಗೆ ಬೀಳುವಂತೆ, ಒಂದು ಕಬ್ಬಿಣದ ಅಟ್ಟಣಿಗೆ. ಅದರ ತಲೆಯಿಂದ ಹೊರಟ ಉಕ್ಕಿನ ತಂತಿಯೊಂದು ಕೆರೆಯ ಒಂದು ತೋಳನ್ನು ದಾಟಿ ಆಚೆ ದಿಬ್ಬಕ್ಕೆ ಹೋಗಿತ್ತು. ಸೊಂಟಕ್ಕೆ ಪಟ್ಟಿ ಬಿಗಿದು, ಆ ತಂತಿಗೆ ನೇತುಹಾಕಿ, ಈ ದಂಡೆಯಿಂದ ಆ ದಂಡೆಗೆ ಜಾರಿಬಿಡುತ್ತಾರಂತೆ. ಹಾಗೆಂದು ನಮಗೆ ವಿವರಿಸಿದವನು ಸಿದ್ಧಾರ್ಥ. ಬಮ್ಮಿಗಟ್ಟಿಯವನೇ, ಮೂವತ್ತರ ಆಸುಪಾಸು, ಮಾತು ಕಡಿಮೆ, ಅಲ್ಲಿಯ ಸಾಹಸವೆಲ್ಲ ಅವನ ಉಸ್ತುವಾರಿ. ಅದು ನಾಳೆ ಬೆಳಿಗ್ಗೆ ಎಂದ. ಮಹಾಂತೇಶ ನನ್ನ ಹೆಗಲ ಮೇಲೆ ಕೈ ಹಾಕಿ, ನಮ್ಮಲ್ಲಿ ಲೈನ್‌ಮನ್ ಸರ ಇದ್ದಾರೆ, ನಾಳೆ ಅವರೇ ಉದ್ಘಾಟನೆ ಎಂದು ಸಾರಿದ. ಸಿದ್ಧಾರ್ಥ ನನ್ನನ್ನು ಗೌರವದಿಂದ ನೋಡಿದ. ನಾನು ಅಟ್ಟಣಿಗೆಯನ್ನು ಅನುಭವಸ್ಥನಂತೆ ನೋಡಿದೆ. ಅಂಗಾಲು ಅಲ್ಲಿಯೇ ಜುಮ್ಮೆಂದಿತು.

ಆ ದಿನ ನಡೆದೆವು, ದೋಣಿಯಲ್ಲಿ ಕುಳಿತೆವು. ಇಬ್ಬರು ಕೂರುವ ದೋಣಿಯಲ್ಲಿ ನಾನೂ ರೆಹಾನಾಳೂ ಅರ್ಧ ತಾಸು ಒಂದೇ ಜಾಗದಲ್ಲಿ ಗಾಣದ ಎತ್ತಿನಂತೆ ಸುತ್ತಿದೆವು. ಅವಳು ಎಡಕ್ಕೆ ಹುಟ್ಟು ಹಾಕಿದರೆ ನಾನು ಬಲಕ್ಕೆ. ನೀರಿಗೆ ನಾನು ಅಷ್ಟು ಹೆದರುವುದಿಲ್ಲ, ಅದು ಕೆಳಗೆ ಇರುವ ವಸ್ತು. ಸಂಜೆ ಎಲ್ಲರೂ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕುಳಿತಾಗ ಡೇರೆಗಳಿಗೆ ಕಟ್ಟಿದ ದೀಪದ ಸರ ಆರಿಹೋಯಿತು. ಹನ್ನೊಂದು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಹನ್ನೊಂದರಲ್ಲಿ ಒಂದು ಸರೋಜಾಳದು. ಆ ಮುಖದಲ್ಲಿ ಇದ್ದದ್ದು ನಗೆಯೋ ಕನಿಕರವೋ ಕತ್ತಲೆಯಲ್ಲಿ ತಿಳಿಯಲಿಲ್ಲ. ನಾನು ಎದ್ದು ಹೋಗಿ, ಬೇರೇನೂ ತೋಚದೆ, ಪ್ಲಗ್ಗನ್ನು ಹಿಡಿದು ಅಲ್ಲಾಡಿಸಿದೆ. ದೀಪ ಹತ್ತಿತು. ಹತ್ತದೇ ಹೋಗಿದ್ದರೆ ನಾನು ಅಂದೇ ಪಾರಾಗುತ್ತಿದ್ದೆ. ಮನುಷ್ಯನಿಗೆ ದೈವ ಇಂಥ ಹೊತ್ತಿನಲ್ಲೇ ಸಹಾಯ ಮಾಡುವುದು.

ಭಾನುವಾರ ಬೆಳಿಗ್ಗೆ ಎದ್ದಾಗ ನನ್ನ ಹತ್ತಿರ ಮೂರು ನೆವ ತಯಾರಿದ್ದವು: ಬಿ.ಪಿ., ಹೊಟ್ಟೆ, ಮತ್ತು ಆಫೀಸಿನಿಂದ ಬರಬೇಕಾದ ಫೋನು. ಉಳಿದವರೆಲ್ಲ ಮತ್ತೆ ದೋಣಿಗೆ ಹೋದರು; ಅಟ್ಟಣಿಗೆಯ ಕೆಳಗೆ ಸರೋಜಾ, ರೆಹಾನಾ, ಮಹಾಂತೇಶ, ನಾನು ನಾಲ್ವರು; ಸಿದ್ಧಾರ್ಥ ಆಗಲೇ ಮೇಲೆ ಹತ್ತಿದ್ದ. ಅಲ್ಲಿದ್ದ ಹಲಗೆಯ ಮೇಲೆ ತೊಂಬತ್ತು ಕೆಜಿ ಮೀರಿದವರಿಗೆ ಪಟ್ಟಿ ಕಟ್ಟುವುದಿಲ್ಲ ಎಂದು ಬರೆದಿತ್ತು. ಮಹಾಂತೇಶ ಅದನ್ನು ಎರಡು ಸಲ ಓದಿ, ಅಯ್ಯೋ, ನನ್ನ ನಸೀಬ ನೋಡಿರಿ ಎಂದ. ಅವನ ಹಣೆಯ ಮೇಲಿನ ಬೆವರು ಮಾತ್ರ ನಸೀಬನ್ನು ಹಾಡಿ ಹೊಗಳುತ್ತಿತ್ತು. ನನ್ನ ತೂಕ ಅರವತ್ತೊಂಬತ್ತು. ಮೊದಲ ಸಲ ನನಗೆ ಊಟ ಕಡಿಮೆ ಮಾಡಿದ್ದರ ಬಗ್ಗೆ ಪಶ್ಚಾತ್ತಾಪವಾಯಿತು. ಮೊದಲು ಸರ ಎಂದ ಮಹಾಂತೇಶ. ನಾನು ಕೈ ಮುಂದೆ ಮಾಡಿ, ಛೇ, ಹೆಣ್ಣುಮಕ್ಕಳು ಮೊದಲು ಎಂದೆ. ಸರೋಜಾ ನನ್ನನ್ನು ಒಂದು ಕ್ಷಣ ನೋಡಿದಳು. ಚೂಡಿದಾರದ ಓಢಣಿ ಬಿಚ್ಚಿ ರೆಹಾನಾಳ ಕೈಗೆ ಕೊಟ್ಟು, ಪಟ್ಟಿ ಬಿಗಿಸಿಕೊಂಡು, ಹಿಂದೆ ತಿರುಗಿ ನೋಡದೆ ಏಣಿ ಹತ್ತಿದಳು. ಅವಳು ನನ್ನ ಬದಲಿಗೆ ಹೋಗುತ್ತಿದ್ದಾಳೆ ಎಂದು ಗೊತ್ತಿದ್ದೂ ನಾನು ಸುಮ್ಮನೆ ನಿಂತಿದ್ದೆ. ಅದೇ ಆ ದಿನದ ನನ್ನ ನಿಜವಾದ ತಪ್ಪು. ಬಸ್ಸಿನಲ್ಲಿ ಹೇಳಿದ್ದು ಅದರ ಮುಂದೆ ಏನೂ ಅಲ್ಲ.

ಸಿದ್ಧಾರ್ಥ ಮೇಲೆ ಎಲ್ಲವನ್ನೂ ಎರಡೆರಡು ಸಲ ಎಳೆದು ನೋಡಿ, ಅವಳನ್ನು ಬಿಟ್ಟ. ಸರ್ರೆಂದು ಹೋದಳು. ಕೆರೆಯ ನಡುವಿನವರೆಗೂ ಚೆನ್ನಾಗಿಯೇ ಹೋದಳು. ಅಷ್ಟರಲ್ಲಿ ಎದುರಿನಿಂದ ಗಾಳಿ ಬೀಸಿತು. ವೇಗ ಇಳಿಯಿತು. ಆಚೆ ದಿಬ್ಬ ಇನ್ನು ಇಪ್ಪತ್ತು ಹೆಜ್ಜೆ ಇದೆ ಎನ್ನುವಾಗ ಅವಳು ನಿಂತಳು, ಒಂದು ಗಳಿಗೆ ಹಾಗೆಯೇ ತೂಗಿದಳು, ಆಮೇಲೆ ಮೆಲ್ಲಗೆ ಹಿಂದಕ್ಕೆ ಉರುಳಿ ತಂತಿಯ ಜೋಲಿನಲ್ಲಿ, ನೀರಿನ ಮೇಲೆ, ಯಾರ ಕೈಗೂ ಸಿಗದ ಜಾಗದಲ್ಲಿ ನಿಂತುಬಿಟ್ಟಳು. ಕೆಳಗೆ ಕೆರೆಯ ಆ ಭಾಗದಲ್ಲಿ ನೀರಿಗಿಂತ ಕಲ್ಲುಗಳೇ ಜಾಸ್ತಿ ಕಾಣುತ್ತಿದ್ದವು. ಅವಳು ಕಿರುಚಲಿಲ್ಲ. ಎರಡೂ ಕೈಯಲ್ಲಿ ಪಟ್ಟಿ ಹಿಡಿದು ಸುಮ್ಮನೆ ನೇತಾಡುತ್ತಿದ್ದಳು. ಅವಳ ಒಂದು ಚಪ್ಪಲಿ ಜಾರಿ ಬಿತ್ತು. ಅದು ಕೆಳಗೆ ಮುಟ್ಟಲು ತೆಗೆದುಕೊಂಡ ಹೊತ್ತು ನನಗೆ ಇವತ್ತಿಗೂ ನೆನಪಿದೆ.

ಹಗುರ ಇರುವವರು ಎದುರುಗಾಳಿಗೆ ಹೀಗೆ ನಿಲ್ಲುವುದುಂಟು, ಹೆದರಬೇಡಿ ಎಂದು ಸಿದ್ಧಾರ್ಥ ಮೇಲಿನಿಂದ ಕೂಗಿ ಹೇಳಿದ. ಅವನೇ ತಂತಿಯ ಮೇಲೆ ಜಾರಿ ಹೋಗಿ ಅವಳನ್ನು ತನಗೆ ಸಿಕ್ಕಿಸಿಕೊಂಡು, ಕೈಯಿಂದ ಎಳೆಯುತ್ತ ಆಚೆ ದಿಬ್ಬ ಮುಟ್ಟಿಸಬೇಕು. ಆದರೆ ಅವನು ವೇಗವಾಗಿ ಹೋಗಿ ಅವಳಿಗೆ ಬಡಿಯದ ಹಾಗೆ, ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಅಟ್ಟಣಿಗೆಯ ಮೇಲೆ ಒಬ್ಬರು ಹಿಡಿದು ಸ್ವಲ್ಪಸ್ವಲ್ಪವೇ ಬಿಡಬೇಕು. ಅವನ ಜೊತೆಗಾರ ಆಚೆ ದಿಬ್ಬದಲ್ಲಿದ್ದ. ಕೆರೆ ಸುತ್ತಿ ಬರಲು ಅರ್ಧ ತಾಸಾದರೂ ಬೇಕು. ರೆಹಾನಾ ಆಗಲೇ ಏಣಿಗೆ ಕೈ ಹಾಕಿದ್ದಳು. ತೂಕ ಇರುವವರು ಬೇಕು, ಆದರೆ ಪಟ್ಟಿ ತಡೆಯುವಷ್ಟೇ ಎಂದ ಸಿದ್ಧಾರ್ಥ. ಮಹಾಂತೇಶ ಅವನಿಗೆ ಕೇಳಿಸುವಂತೆ, ಲೈನ್‌ಮನ್ ಸರ ಇದ್ದಾರಲ್ಲ ಎಂದ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಪಾಪ, ಅವನು ನಿಜವಾಗಿ ನಂಬಿದ್ದ.

ಮೂರು ನೆವಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ನಾನು ಪಟ್ಟಿ ಬಿಗಿಸಿಕೊಂಡದ್ದು ಯಾವಾಗ, ರೆಹಾನಾ ಕೊಂಡಿ ಹಾಕಿದ್ದು ಯಾವಾಗ, ಗೊತ್ತಿಲ್ಲ. ಏಣಿಗೆ ಮೂವತ್ತೆರಡು ಮೆಟ್ಟಿಲು. ನಾನು ಎಣಿಸಿದ್ದೇನೆ, ಎಣಿಸುವುದನ್ನು ಬಿಟ್ಟು ಬೇರೆ ಯಾವ ಕೆಲಸವನ್ನೂ ತಲೆ ಮಾಡುತ್ತಿರಲಿಲ್ಲ. ಹತ್ತನೆಯದರವರೆಗೆ ಕಬ್ಬಿಣದ ಬಣ್ಣ ನೋಡಿದೆ, ಹಸಿರು, ಅಲ್ಲಲ್ಲಿ ತುಕ್ಕು. ಹದಿನೈದನೆಯದರಲ್ಲಿ ಏಣಿಯೇ ನಡುಗುತ್ತಿದೆ ಎನಿಸಿತು. ಇಪ್ಪತ್ತರಲ್ಲಿ ಒಂದು ಕ್ಷಣ ನಿಂತೆ. ಕೈ ಮೇಲಕ್ಕೆ ಹೋಗಲೊಲ್ಲದು, ಕಾಲು ಕೆಳಕ್ಕೆ ಬರಲೊಲ್ಲದು. ಆಗ ಅವಳು ನನ್ನ ಪಕ್ಕಕ್ಕೆ, ದೂರದಲ್ಲಿ, ನನ್ನಷ್ಟೇ ಎತ್ತರದಲ್ಲಿ ಗಾಳಿಗೆ ಮೆಲ್ಲಗೆ ತಿರುಗುತ್ತಿರುವುದು ಕಣ್ಣಂಚಿಗೆ ಬಿತ್ತು. ಇಪ್ಪತ್ತೊಂದು ಎಂದು ಬಾಯಿ ಬಿಟ್ಟು ಹೇಳಿ ಕೈ ಎತ್ತಿದೆ.

ಮೇಲೆ ಮೂರು ಹಲಗೆಯಷ್ಟು ಅಗಲದ ಜಾಗ. ಸಿದ್ಧಾರ್ಥ ನನ್ನನ್ನು ಕಂಬಕ್ಕೆ ಸಿಕ್ಕಿಸಿ, ಹಗ್ಗವನ್ನು ಒಂದು ಉಕ್ಕಿನ ಕೊಂಡಿಯೊಳಗಿಂದ ಹಾಯಿಸಿ ನನ್ನ ಕೈಗೆ ಕೊಟ್ಟ. "ನಿಮಗ ಹೇಳೂದ ಬ್ಯಾಡ್ರಿ ಸರ. ದಿನಾ ಇದ ಕೆಲಸ ಮಾಡ್ತೀರಿ" ಎಂದು ತನ್ನ ಪಟ್ಟಿ ಬಿಗಿಮಾಡತೊಡಗಿದ. ಇನ್ನೊಂದು ಗಳಿಗೆಯಲ್ಲಿ ಅವನು ಜಾರುತ್ತಿದ್ದ. ಅವನ ಜೀವ, ಅವಳ ಜೀವ ಎರಡೂ ನನ್ನ ಬಸ್ಸಿನ ಕಥೆಯನ್ನು ನಂಬಿ ಹೊರಟಿದ್ದವು.

"ನಾ ಲೈನ್‌ಮನ್ ಅಲ್ರಿ" ಎಂದೆ. "ಕ್ಲಾರ್ಕ್ ಅದೇನಿ. ಒಂದ ಕಂಬಾನೂ ಹತ್ತಿದಾಂವಲ್ಲ. ನನಗ ಎತ್ತರ ಅಂದ್ರ ಹೆದರಿಕಿ."

ಅಷ್ಟು ಎತ್ತರದಲ್ಲಿ ನಿಂತು ಯಾರಾದರೂ ಹೀಗೆ ಹೇಳಿದರೆ ಕೇಳುವವನು ಏನು ಮಾಡಬೇಕು? ಸಿದ್ಧಾರ್ಥ ನನ್ನ ಮುಖವನ್ನು ನೋಡಿದ. ಆಮೇಲೆ ನನ್ನ ಕೈಗಳನ್ನು ನೋಡಿದ. ಸಿಟ್ಟು ಬರುತ್ತದೆ ಎಂದು ಕಾದೆ. ಅವನು ಕೊಂಡಿ ಬಿಗಿಯುವುದನ್ನು ನಿಲ್ಲಿಸಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಈಗರ ಹೇಳಿದ್ರಿ, ಛಲೋ ಆತು" ಎಂದ. "ಎಮ್ಮಿ ಹಗ್ಗ ಹಿಡದೀರಿಲ್ರಿ ಯಾವಾಗರ?"

ಹಿಡಿದಿದ್ದೇನೆ ಎಂದೆ. ಅದು ಸುಳ್ಳಲ್ಲ. ಅಷ್ಟೇ ಸಾಕು ಎಂದ. ಬಲಗೈ ಕೆಳಗಿನ ಕೈ. ಏನಾದರೂ ಆಗಲಿ ಆ ಕೈ ಬಿಡಬಾರದು. ಮೇಲಿನ ಕೈ ಬಿಟ್ಟರೂ ನಡೆಯುತ್ತದೆ, ಮೂಗು ತುರಿಸಿಕೊಳ್ಳಲೂಬಹುದು. ತಾನು ಬಿಡು ಎಂದಾಗ ಒಂದು ಮೊಳ ಬಿಡಬೇಕು, ಹಿಡಿ ಎಂದಾಗ ಕೈ ಹಿಂದಕ್ಕೆ ಒಯ್ದು ಸೊಂಟಕ್ಕೆ ಒತ್ತಿಕೊಳ್ಳಬೇಕು. ನನ್ನಿಂದ ಅದನ್ನು ಮೂರು ಸಲ ಹೇಳಿಸಿದ, ಸಾಲೆಯಲ್ಲಿ ಮಗ್ಗಿ ಹೇಳಿಸುವ ಹಾಗೆ. ಎರಡು ಸಲ ಸುಮ್ಮನೆ ಹಗ್ಗ ಜಗ್ಗಿ ಪರೀಕ್ಷೆ ಮಾಡಿದ. ಎರಡನೆಯ ಸಲ ಪಾಸಾದೆ. ಕಣ್ಣು ಮುಚ್ಚಬೇಡಿ, ಕೆಳಗೂ ನೋಡಬೇಡಿ, ನನ್ನ ಬೆನ್ನನ್ನು ಮಾತ್ರ ನೋಡಿ ಎಂದು ಹೇಳಿ ತಂತಿಗೆ ತೂಗಿಬಿದ್ದ.

ಅಂಥ ಬೆನ್ನನ್ನು ನಾನು ಬದುಕಿನಲ್ಲಿ ನೋಡಿಲ್ಲ. ನೀಲಿ ಅಂಗಿ, ಎಡ ಹೆಗಲಿನ ಹತ್ತಿರ ಒಂದು ಹೊಲಿಗೆ ಬಿಚ್ಚಿತ್ತು. ಬಿಡು ಎಂದ, ಒಂದು ಮೊಳ ಬಿಟ್ಟೆ. ಹಿಡಿ ಎಂದ, ಹಿಡಿದೆ. ಹಗ್ಗ ಅಂಗೈ ಸುಡುತ್ತಿತ್ತು. ಗಾಳಿ ಬಂದಾಗಲೆಲ್ಲ ಅಟ್ಟಣಿಗೆ ಕಿರ್ರೆನ್ನುತ್ತಿತ್ತು, ನಾನೂ ಅದರ ಜೊತೆ. ಅರ್ಧ ದಾರಿ ಹೋದಾಗ ಅವನು ಬಿಡು ಎಂದನೋ ಹಿಡಿ ಎಂದನೋ ಗಾಳಿಯಲ್ಲಿ ಕೇಳಿಸಲಿಲ್ಲ. ಗೊತ್ತಾಗದಿದ್ದರೆ ಹಿಡಿ ಎಂದು ನನಗೆ ಯಾರೂ ಕಲಿಸಿರಲಿಲ್ಲ, ಆದರೆ ಮೂವತ್ತು ವರ್ಷದ ಗುಮಾಸ್ತಿಕೆ ಕಲಿಸಿದ್ದು ಅದೊಂದನ್ನೇ: ಸ್ಪಷ್ಟ ಆದೇಶ ಬರುವವರೆಗೆ ಏನನ್ನೂ ಬಿಡಬಾರದು. ಹಿಡಿದೆ. ಸರಿಯಾಗಿತ್ತು. ಆಗಲೇ ಸರೋಜಾ ನನ್ನನ್ನು ಕಂಡದ್ದು. ನೀರಿನ ಮೇಲೆ ಅವಳ ಮಾತು ತಿಳಿಯಾಗಿ ಕೇಳಿಸಿತು.

"ನೀವ್ಯಾಕ ಹತ್ತಿದ್ರಿ? ಮುಂಜಾನೆ ಗುಳಿಗಿ ತಗೊಂಡಿಲ್ಲ ನೀವು."

ತಂತಿಯಲ್ಲಿ ನೇತಾಡುತ್ತಿರುವ ಹೆಂಡತಿಗೆ, ತೆಗೆದುಕೊಂಡಿದ್ದೇನೆ ಎಂದು ಸುಳ್ಳು ಹೇಳುವಷ್ಟು ಉಸಿರೂ ನನ್ನಲ್ಲಿರಲಿಲ್ಲ. ಇಲ್ಲ ಎಂದೆ. ಸಿದ್ಧಾರ್ಥ ಅವಳನ್ನು ಮುಟ್ಟಿದ, ಕೊಂಡಿ ಸಿಕ್ಕಿಸಿದ, ಇಬ್ಬರೂ ಒಟ್ಟಿಗೆ ಇಂಚಿಂಚಾಗಿ ಮೇಲಕ್ಕೆ ಸರಿದರು. ಆಚೆ ದಿಬ್ಬದವನು ಕೈ ಚಾಚಿ ಅವಳ ಕಾಲು ಹಿಡಿದು ಎಳೆದುಕೊಂಡ. ಅವಳು ಒಂದು ಬರಿಗಾಲಲ್ಲಿ ನೆಲದ ಮೇಲೆ ನಿಂತು ಕೈ ಎತ್ತಿದಳು. ಕೆಳಗೆ ಮಹಾಂತೇಶ ನೆಲಕ್ಕೆ ಕುಳಿತದ್ದು ನನಗೆ ಸಪ್ಪಳದಿಂದಲೇ ಗೊತ್ತಾಯಿತು. ಇನ್ನು ಹಗ್ಗ ಬಿಡಬಹುದು ಎಂದು ಸಿದ್ಧಾರ್ಥ ಕೂಗಿದ. ಖಾತ್ರಿಯೇ ಎಂದು ಕೇಳಿದೆ. ಖಾತ್ರಿ ಎಂದ. ಇನ್ನೊಮ್ಮೆ ಕೇಳಿದೆ. ಬಿಡಬೇಕೆಂದು ತೀರ್ಮಾನಿಸಿದ ಮೇಲೂ ಬಲಗೈಯ ಬೆರಳುಗಳು ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದನ್ನೇ ಬಿಡಿಸಬೇಕಾಯಿತು.

ಹೆಂಡತಿ ಪಾರಾದಳು. ಈಗ ನಾನು ಉಳಿದೆ. ಏರುವಾಗ ಕಾರಣ ಇತ್ತು, ಇಳಿಯಲು ಇರಲಿಲ್ಲ. ಏಣಿಯ ಕಡೆ ಒಮ್ಮೆ ನೋಡಿದೆ; ಅದು ಕೆಳಗೆ ಹೋಗುತ್ತ ಹೋಗುತ್ತ ದಾರದಷ್ಟು ಸಣ್ಣಗಾಗಿತ್ತು. ಕಂಬವನ್ನು ತಬ್ಬಿಕೊಂಡು ಕೂತೆ. ಸರ, ಇಳಿಯಿರಿ ಎಂದು ಮಹಾಂತೇಶ ಕೂಗಿದ. ಗಾಳಿ ಚೆನ್ನಾಗಿದೆ, ಸ್ವಲ್ಪ ಕೂತು ಬರುತ್ತೇನೆ ಎಂದೆ. ಅರ್ಧ ತಾಸು ಚೆನ್ನಾಗಿಯೇ ಇತ್ತು ಆ ಗಾಳಿ. ಕೆಳಗಿನವರು ಕರೆಯುವುದನ್ನು ಬಿಟ್ಟರು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು.

ಕೆರೆ ಸುತ್ತಿ ಬಂದು ಮೊದಲು ಮೇಲೆ ಹತ್ತಿದವಳು ಸರೋಜಾ. ಕಾಲಿಗೆ ಯಾರದೋ ಬೂಟು ಹಾಕಿಕೊಂಡಿದ್ದಳು. ನನ್ನ ಪಕ್ಕ ಕಾಲು ಇಳಿಬಿಟ್ಟು ಕೂತಳು. ನಾನು ಕಾಲು ಮಡಚಿಕೊಂಡೆ. ಸ್ವಲ್ಪ ಹೊತ್ತು ಇಬ್ಬರೂ ಕೆರೆಯನ್ನು ನೋಡಿದೆವು. ನಾನು ನೋಡಿದಂತೆ ಮಾಡಿದೆ. ಅವಳಿಗೂ ಹೆದರಿಕೆಯಾಗಿತ್ತೇ ಎಂದು ಕೇಳಿದೆ. ಬಹಳ ಆಗಿತ್ತು ಎಂದಳು. ಮತ್ತೆ ಬಸ್ಸಿನಲ್ಲಿ ನಾನು ಹಾಗೆ ಹೇಳುವಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಏನಂತ ಹೇಳ್ಲಿ? ಇಪ್ಪತ್ತೆಂಟ ವರ್ಷ ಆತು, ನನಗ ಹೆದರಿಕಿ ಆಗ್ತೈತಿ ಅಂತ ನನ್ನ ಮುಂದನ ಒಂದಿನಾ ಹೇಳಿಲ್ಲ ನೀವು."

"ನಿನಗ ಗೊತ್ತಿತ್ತಲ್ಲ."

"ಗೊತ್ತಿತ್ತು. ನೀವು ಹೇಳೂದು ಬ್ಯಾರೆ."

ನಾನು ಕಂಬವನ್ನು ಇನ್ನೂ ಬಿಟ್ಟಿರಲಿಲ್ಲ. ಹೆದರಿಕೆ ಆಗುತ್ತದೆ, ಈಗಲೂ ಆಗುತ್ತಿದೆ ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿ, ನನ್ನ ಸುಟ್ಟ ಅಂಗೈಯನ್ನು ತಿರುಗಿಸಿ ನೋಡಿ, ಊದಿದಳು. ನಾನು ಆ ಗಳಿಗೆಯನ್ನು ಸ್ವಲ್ಪ ಉದ್ದ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಸಿದ್ಧಾರ್ಥನೂ ರೆಹಾನಾಳೂ ಮೇಲೆ ಬಂದರು. ಸರೋಜಾ ಎದ್ದು ಪಟ್ಟಿ ಸರಿಮಾಡಿಕೊಂಡು, ತನ್ನದು ಪೂರ್ತಿ ಆಗಿಲ್ಲ, ಇನ್ನೊಮ್ಮೆ ಹೋಗುತ್ತೇನೆ ಎಂದಳು. ಇಬ್ಬರು ಕೂಡಿ ಹೋದರೆ ತೂಕ ಹೆಚ್ಚಾಗಿ ನಡುವೆ ನಿಲ್ಲುವುದಿಲ್ಲವಂತೆ. ನನ್ನನ್ನು ಕೇಳಬಹುದು ಎಂದು ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ. ಯಾರೂ ಕೇಳಲಿಲ್ಲ. ಅವಳೂ ರೆಹಾನಾಳೂ ಒಟ್ಟಿಗೆ ತೂಗಿಕೊಂಡು ನಗುತ್ತ ಹೋಗಿ ಆಚೆ ದಿಬ್ಬ ಮುಟ್ಟಿದರು. ನನ್ನನ್ನು ಸಿದ್ಧಾರ್ಥ ಏಣಿಯ ಮೇಲಿಂದ ಇಳಿಸಿದ. ಅವನು ನನ್ನ ಕೆಳಗಿನ ಮೆಟ್ಟಿಲಲ್ಲಿ ನಿಂತು, ನನ್ನ ಒಂದೊಂದು ಪಾದವನ್ನೂ ಕೈಯಿಂದ ಹಿಡಿದು ಸರಿಯಾದ ಜಾಗದಲ್ಲಿ ಇಡುತ್ತ ಬಂದ. ಮೂವತ್ತೆರಡು ಸಲ. ನಾನು ಕಣ್ಣು ಮುಚ್ಚಿದ್ದೆ. ಇಳಿದ ಮೇಲೆ ಅವನ ಕೈ ಹಿಡಿದು ಏನೋ ಹೇಳಬೇಕೆಂದೆ. ಊಟ ಆರುತ್ತದೆ, ಬನ್ನಿ ಎಂದ.

ಊಟಕ್ಕೆ ಎಲ್ಲರೂ ಸೇರಿದಾಗ ನಾನು ಎದ್ದು ನಿಂತು ಬಸ್ಸಿನಲ್ಲಿ ಹೇಳಿದ್ದು ಫಕ್ಕೀರಪ್ಪನ ಕೆಲಸ, ನನ್ನದಲ್ಲ ಎಂದು ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಒಬ್ಬರು ಇನ್ನೊಂದು ರೊಟ್ಟಿ ಬಡಿಸಿದರು. ಊಟ ಮುಗಿದು ಕೈ ತೊಳೆಯುವಾಗ ಮಹಾಂತೇಶ ನನ್ನ ಬಾಜು ಬಂದು ನಿಂತ. ಅವನ ದನಿ ಒಂದೇ ಸೀಟಿನದಾಗಿತ್ತು. ಗೋದಾಮಿನಲ್ಲಿ ಸಿಕ್ಕದ್ದು ನಾಗರಹಾವಲ್ಲ, ಕೇರೆಹಾವು ಎಂದ. ಸ್ವಲ್ಪ ತಡೆದು, ಹಿಡಿದದ್ದು ತಾನಲ್ಲ, ಹಮಾಲರು ಎಂದ. ಇನ್ನೂ ಸ್ವಲ್ಪ ತಡೆದು, ತಾನು ಆ ಹೊತ್ತಿನಲ್ಲಿ ಲಾರಿಯೊಳಗೆ ಗಾಜು ಏರಿಸಿಕೊಂಡು ಕೂತಿದ್ದೆ ಎಂದ. ಇಬ್ಬರೂ ಬಹಳ ಹೊತ್ತು ಕೈ ತೊಳೆದೆವು. ಈಗ ನನಗೆ ಕುಂದಗೋಳದಲ್ಲಿ ಒಬ್ಬ ಜೀವದ ಗೆಳೆಯ ಇದ್ದಾನೆ. ಸೋಮವಾರ ಫಕ್ಕೀರಪ್ಪನ ಮುಂದೆಯೂ ಎಲ್ಲವನ್ನೂ ಒಪ್ಪಿಕೊಂಡೆ. ಅವನು ಪೂರ್ತಿ ಕೇಳಿ, ಎಷ್ಟು ಅಡಿ ಎಂದು ಹೇಳಿದಿರಿ ಎಂದು ಮಾತ್ರ ವಿಚಾರಿಸಿದ. ಎಂಬತ್ತು ಎಂದೆ. ಅದು ಐವತ್ತೇ, ಮುಂದೆ ಹೇಳುವಾಗ ಸರಿಯಾಗಿ ಹೇಳಿ ಎಂದ.

ಇದಾದ ಮೇಲೆ ನಾನು ಬದಲಾದೆ ಎಂದು ಬರೆದು ಮುಗಿಸುವ ಆಸೆ ನನಗೂ ಇತ್ತು. ಎರಡು ತಿಂಗಳಿಗೆ ಅದೇ ಗುಂಪು ಇನ್ನೊಂದು ಪ್ರವಾಸ ಗೊತ್ತುಮಾಡಿತು. ಈ ಸಲ ಬಂಡೆ ಹತ್ತುವುದಂತೆ. ಸರೋಜಾ ಮೊದಲೇ ಹೆಸರು ಬರೆಸಿದ್ದಳು. ನನ್ನನ್ನು ಕರೆದರೆ, ನೇರವಾಗಿ, ಗಂಡಸಿನಂತೆ, ಹೆದರಿಕೆ ಆಗುತ್ತದೆ, ಬರುವುದಿಲ್ಲ ಎಂದು ಹೇಳಿಬಿಡಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದೆ. ಕರೆಯಲಿಲ್ಲ. ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಹೋಗುವ ಕೆಲಸ ಮಾತ್ರ ಸಿಕ್ಕಿತು. ಚೀಲವನ್ನು ಬಸ್ಸಿನೊಳಗೆ ಇಟ್ಟು ಕೆಳಗಿಳಿದೆ. ಹೊಸ ಡ್ರೈವರು. ಯಾವ ದುರುದ್ದೇಶವೂ ಇಲ್ಲದೆ, "ನೀವು ಬರೂದಿಲ್ರಿ ಕಾಕಾ?" ಎಂದು ಕೇಳಿದ.

"ಮೊಣಕಾಲ ನೋವೈತ್ರಿ" ಎಂದೆ.

ಅಭ್ಯಾಸ ಮಾಡಿದ ಮಾತೆಲ್ಲ ಗಂಟಲಲ್ಲಿ ಸಾಲಾಗಿ ನಿಂತಿರುವಾಗ ಇದೊಂದು ಯಾವ ಸಂದಿಯಿಂದ ನುಗ್ಗಿ ಹೊರಗೆ ಬಂತೋ ತಿಳಿಯದು. ಕಿಟಕಿಯಿಂದ ಸರೋಜಾ ನೋಡುತ್ತಿದ್ದಳು. ಡ್ರೈವರು ಅಯ್ಯೋ ಪಾಪ ಎಂದ. ಅಷ್ಟು ಕನಿಕರ ತೋರಿಸಿದವನ ಎದುರು ಸರಸರ ನಡೆದು ಹೋಗುವುದು ಹೇಗೆ? ಬಸ್ಸು ತಿರುಗುವವರೆಗೂ ಕುಂಟುತ್ತ ನಡೆದೆ. ಮಧ್ಯಾಹ್ನ ಸರೋಜಾ ಫೋನು ಮಾಡಿ, ಸುಖವಾಗಿ ತಲುಪಿದೆವು ಎಂದು ತಿಳಿಸಿ, ಇಡುವ ಮುಂಚೆ, ಸಿಟ್ಟಿಲ್ಲದ ದನಿಯಲ್ಲಿ, ಮೊದಲು ಎಡಗಾಲು ಕುಂಟುತ್ತಿದ್ದಿರಿ, ಕಿರಾಣಿ ಅಂಗಡಿ ದಾಟಿದ ಮೇಲೆ ಬಲಗಾಲು ಕುಂಟತೊಡಗಿದಿರಿ ಎಂದಳು.